‘ಸರ್ವರು ಇಲ್ಲ’ ಎಂಬ ಮಾತು

ಈ ತಿಂಗಳು ಈ ಪುಟಕ್ಕೆ ವಿಷಯವನ್ನು ಒದಗಿಸಿಕೊಟ್ಟವರು ಕಮಲಾಪುರದ ಕಡೆಯ ಒಬ್ಬ ವೃದ್ಧೆ. ಬಾಳೆಯ ತೋಟಗಳಲ್ಲಿ ಕೂಲಿಮಾಡಿ ಬದುಕುವ ಈ ತಾಯಿ, ದಿನಕ್ಕಿಷ್ಟೆಂದು ಉಳಿಸಿದ ಹಣವನ್ನು ಹೊಸಪೇಟೆಯ ಒಂದು ಸಹಕಾರ ಸಂಘದಲ್ಲಿ ಇಟ್ಟಿದ್ದರು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ ಕಡೆಯ ದಿನವು ಸಮೀಪಿಸಿದುದರಿಂದ ಅದನ್ನು ಹಿಂದಕ್ಕೆ ಪಡೆಯಲು ಬಂದಿದ್ದರು. ಆ ಹೊತ್ತಿಗೆ ನಾವೂ ಅಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದೆವು. ಗುಮಾಸ್ತರು ಕಂಪ್ಯೂಟರಿನ ಮುಖವನ್ನೊಮ್ಮೆ ನೋಡಿ, ‘ಸರ್ವರ್ ಇಲ್ಲಬೇ, ನಾಳೆ ಬಾ’ ಎಂದರು. ಹೋಟೆಲಿನಲ್ಲಿ ದೋಸೆ ತಂದಿಡುವ ಸರ್ವರನನ್ನಲ್ಲದೆ ಬೇರೆ ಸರ್ವರನನ್ನು ಅರಿಯದ ಆ ತಾಯಿ, ‘ಆಯಪ್ಪ ಯಾವೂರಿಗೆ ಹೋಗ್ಯಾನಪ್ಪಾ? ಯಾವಾಗ ಬರ್ತಾನ?’ ಎಂದು ಕೇಳಿದರು. ಕುಳಿತಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು.

ಮನೆಗೆ ಬಂದು ಯೋಚಿಸಲಾಗಿ, ಆ ಪ್ರಶ್ನೆಯಲ್ಲಿ ನಗತಕ್ಕದ್ದೇನೂ ಇರಲಿಲ್ಲವೆಂದು ನಮಗೆ ತೋರಿತು. ಎಲ್ಲಿಗೆ ಹೋಗಿದ್ದಾನೆ, ಯಾವಾಗ ಬರುತ್ತಾನೆ ಎಂಬ ಎರಡು ಮಾತುಗಳನ್ನು ಅಲ್ಲಿದ್ದ ಅಕ್ಷರಸ್ಥರಲ್ಲಿ ಒಬ್ಬರಾದರೂ ಕೇಳಿರಲಿಲ್ಲ. ವೃದ್ಧೆ ಮರುದಿನವೂ ಬಂದರು, ಅದೇ ಉತ್ತರ. ಆ ಸಂಜೆ ತಮ್ಮ ಬೆಂಡೋಲೆಗಳನ್ನು ಒತ್ತೆಯಿಟ್ಟು ಶುಲ್ಕವನ್ನು ಕಟ್ಟಿಸಿದರಂತೆ. ಮೂರನೆಯ ದಿನ ಹಣವೇನೋ ಕೈಗೆ ಬಂದಿತು. ಆದರೆ ಮೂರು ದಿನದ ಕೂಲಿ, ಬಸ್ಸಿನ ಖರ್ಚು, ಒತ್ತೆಯ ಬಡ್ಡಿ, ಇವನ್ನು ತುಂಬಿಕೊಡುವವರು ಯಾರು?

ಆ ಮೂರನೆಯ ದಿನ ಸಂಘದವರು ಕರೆಸಿದ ಜಾಲದ ಕೆಲಸ ಬಲ್ಲ ತರುಣನೊಬ್ಬನು ಬಂದಿದ್ದನು. ಅವನು ಮಾಡಿದುದನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಅವನು ಮೊದಲು ಯಂತ್ರವನ್ನು ಮುಟ್ಟಲಿಲ್ಲ; ‘ಇದೊಂದೇ ಹೀಗಾಗಿದೆಯೋ, ಎಲ್ಲವೂ ಹೀಗೆಯೋ?’ ಎಂದು ಕೇಳಿದನು. ವಿಚಾರಿಸಲಾಗಿ, ಪಕ್ಕದ ಕೋಣೆಯಲ್ಲಿದ್ದ ಸಾಲದ ವಿಭಾಗದ ಯಂತ್ರವು ಎಂದಿನಂತೆಯೇ ನಡೆಯುತ್ತಿತ್ತು! ಸರ್ವರು ಎರಡು ದಿನವೂ ಗೋಡೆಯ ಆಚೆಗೆ ಕುಳಿತು ತನ್ನ ಕೆಲಸವನ್ನು ಮಾಡುತ್ತಲೇ ಇದ್ದಿತು. ಕೆಟ್ಟಿದ್ದುದು ಈ ಒಂದು ಯಂತ್ರವು ಅದನ್ನು ಹುಡುಕುವ ದಾರಿ. ಕಾಲು ಗಂಟೆಯೊಳಗೆ ಅದು ಸರಿಯಾಯಿತು.

ಹೀಗಿರುವಲ್ಲಿ ‘ಸರ್ವರು ಇಲ್ಲ’ ಎಂಬ ಮಾತಿನ ಅರ್ಥವೇನು, ಅದು ನಿಜವೋ ಅಲ್ಲವೋ ಎಂಬುದನ್ನು ಕಂಡುಕೊಳ್ಳುವ ಬಗೆಯೇನು ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ನಮ್ಮ ಮನೆಗಳ ಮಕ್ಕಳು ಇಂಥ ಕಚೇರಿಗಳಲ್ಲಿಯೇ ಕೆಲಸಕ್ಕಿದ್ದಾರೆ. ನಾವು ಇಂಥ ಕಚೇರಿಗಳ ಬಾಗಿಲಲ್ಲಿಯೇ ನಿಲ್ಲಬೇಕಾಗಿದೆ. ಪಹಣಿಯನ್ನು ಕೈಬರಹದಿಂದ ಬಿಡಿಸಿ ಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯು ನಮ್ಮ ರಾಜ್ಯದಲ್ಲಿ ಹರಡಿದುದು ಸುಮಾರು 2000ನೆಯ ಇಸವಿಯ ಹೊತ್ತಿಗೆ. ಅಂದಿನಿಂದ ಇಂದಿನವರೆಗೆ ಯಂತ್ರದ ಸಹಾಯವಿಲ್ಲದೆ ಸಿಕ್ಕುವ ಕಾಗದಗಳು ಕಡಮೆಯಾಗುತ್ತಲೇ ಬಂದಿವೆ.

ಮೊದಲು, ಈ ಪ್ರವೇಶದ ಸರ್ವರು ಎಂದರೇನು? ಮನೆಯ ಕಂಪ್ಯೂಟರಿಗೆ ಬೀಗವೂ ಕೀಲಿಯೂ ಅದರೊಳಗೇ ಇರುತ್ತವೆ. ಹತ್ತಾರು ಯಂತ್ರಗಳುಳ್ಳ ಕಚೇರಿಯಲ್ಲಿ ಹಾಗಲ್ಲ. ಯಾರು ಯಾರು ಒಳಗೆ ಬರತಕ್ಕವರು, ಅವರವರ ಗುಪ್ತಪದವೇನು, ಯಾರಿಗೆ ಯಾವ ಅಧಿಕಾರ ಎಂಬುದನ್ನೆಲ್ಲ ಬರೆದಿಟ್ಟ ಖಾತೆಪುಸ್ತಕವು ಒಂದೇ ಕಡೆಯಲ್ಲಿರುತ್ತದೆ. ಆ ಪುಸ್ತಕವನ್ನು ಕಾಯುವ ಯಂತ್ರಕ್ಕೆ ಡೊಮೇನ್ ಕಂಟ್ರೋಲರ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯು 2000ನೆಯ ಇಸವಿಯ ಫೆಬ್ರವರಿಯಲ್ಲಿ ಹೊರತಂದ ವಿಂಡೋಸ್ 2000 ಎಂಬ ವ್ಯವಸ್ಥೆಯೊಡನೆ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರಿನಲ್ಲಿ ಈ ಪದ್ಧತಿಯು ಬಳಕೆಗೆ ಬಂದು, ಇಂದು ಸಾವಿರಾರು ಕಚೇರಿಗಳಲ್ಲಿ ನಡೆಯುತ್ತಲಿದೆ. ಗುಮಾಸ್ತರು ಬೆಳಿಗ್ಗೆ ತಮ್ಮ ಹೆಸರನ್ನೂ ಗುಪ್ತಪದವನ್ನೂ ಒತ್ತಿದೊಡನೆ ಅವರ ಯಂತ್ರವು ಓಡಿಹೋಗಿ, ‘ಇವರು ನಮ್ಮವರೇ?’ ಎಂದು ಆ ಯಂತ್ರವನ್ನು ಕೇಳುತ್ತದೆ. ಹೌದೆಂದು ಉತ್ತರ ಬಂದರೆ ಬಾಗಿಲು ತೆರೆಯುವುದು. ಕೇಳಲು ಹೋದದ್ದು ಗುರಿಯನ್ನೇ ಮುಟ್ಟದೆ ಹಿಂದಿರುಗಿದರೆ, ‘ಪ್ರವೇಶದ ಕೋರಿಕೆಯನ್ನು ನಡೆಸಿಕೊಡುವ ಸರ್ವರು ಯಾವುದೂ ದೊರೆಯಲಿಲ್ಲ’ ಎಂಬರ್ಥದ ಒಂದು ವಾಕ್ಯವು ತೆರೆಯ ಮೇಲೆ ಮೂಡುವುದು. ಈ ವಾಕ್ಯವನ್ನೇ ನಮ್ಮ ಜನರು ಮೊಟಕುಮಾಡಿ ‘ಸರ್ವರು ಇಲ್ಲ’ ಎನ್ನುತ್ತಾರೆ. ‘ನನಗೆ ದೊರೆಯಲಿಲ್ಲ’ ಎಂಬುದಕ್ಕೂ ‘ಇಲ್ಲವೇ ಇಲ್ಲ’ ಎಂಬುದಕ್ಕೂ ಎಷ್ಟು ಅಂತರ! ಎಲ್ಲ ತೊಡಕೂ ಈ ಅಂತರದಲ್ಲಿಯೇ ಅಡಗಿದೆ.

ನಮ್ಮ ಊರಿನವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿ ನಡೆದುದನ್ನು ಯಾರೂ ಮರೆತಿಲ್ಲವಷ್ಟೆ. ಅಂದು ‘ಅಣೆಕಟ್ಟು ಹೋಯಿತು’ ಎಂದು ಊರೂರಿಗೆ ಸುದ್ದಿ ಹಬ್ಬಿತು. ಹೋದದ್ದು ಅಣೆಕಟ್ಟಲ್ಲ, 33 ಗೇಟುಗಳಲ್ಲಿ 19ನೆಯ ಗೇಟು ಒಂದೇ. ಅದೂ ಅದರ ಸರಪಳಿಯ ಕೊಂಡಿ ತುಂಡಾದುದರಿಂದ. ಇಂತಹ ಕಡೆಯಲ್ಲಿ, ಇಂತಹ ವಸ್ತು, ಈ ಕಾರಣದಿಂದ ಕೆಟ್ಟಿದೆಯೆಂದು ಗೊತ್ತಾದ ಮೇಲೆಯೇ ಪರಿಹಾರವು ಸಾಧ್ಯವಾಯಿತು. ಇಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆ ಒಂದು ಕಂಡಿಗೆ ತಾತ್ಕಾಲಿಕವಾದ ಉಕ್ಕಿನ ತಡೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ನಿಲ್ಲಿಸಿದರು. ಬಸವಣ್ಣ ಕಾಲುವೆಯ ರೈತನೂ ತನ್ನ ಗದ್ದೆಗೆ ನೀರು ಬಾರದಿದ್ದರೆ ‘ಹೊಳೆಯೇ ಇಲ್ಲ’ ಎಂದು ಮಲಗುವುದಿಲ್ಲ. ಮೊದಲು ತನ್ನ ಮಡೆ, ಆಮೇಲೆ ನೆರೆಯವನ ಮಡೆ, ಆಮೇಲೆ ಕಾಲುವೆಯ ತೂಬು, ಹೀಗೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾನೆ. ಜಾಲದ ಕೆಲಸವೂ ಹೀಗೆಯೇ. ನಡೆಯಬೇಕಾದ ದಾರಿಯನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು, ನೆರೆಯವರನ್ನು ಕೇಳುವುದು. ಒಂದೇ ಯಂತ್ರಕ್ಕೆ ತೊಂದರೆಯಿದ್ದರೆ ದೋಷವು ಆ ಯಂತ್ರದ ಬಳಿಯಲ್ಲಿದೆ. ಒಂದು ಕೋಣೆಯ ಎಲ್ಲ ಯಂತ್ರಗಳಿಗೂ ಇದ್ದರೆ ಆ ಕೋಣೆಯ ತಂತಿಗಳು ಸೇರುವ ಪೆಟ್ಟಿಗೆಯಲ್ಲಿದೆ. ಇಡೀ ಕಚೇರಿಗೆ ಇದ್ದರೆ ಮಾತ್ರ ಸರ್ವರಿನ ಮೇಲೆ ಸಂಶಯಪಡತಕ್ಕದ್ದು. ಹಣವೂ ಬೇಡ, ವಿದ್ಯೆಯೂ ಬೇಡ. ಎದ್ದು ಹತ್ತು ಹೆಜ್ಜೆ ನಡೆದರೆ ಸಾಕು. ನಮ್ಮ ವೃದ್ಧೆಗೆ ಎರಡು ದಿನ ತಪ್ಪಿದುದು ಈ ಹತ್ತು ಹೆಜ್ಜೆಗಳು.

ಎರಡನೆಯದು, ತಂತಿ. ಯಂತ್ರದ ಹಿಂಬದಿಯಲ್ಲಿ ಜಾಲದ ತಂತಿಯು ಕೂಡುವ ಕಡೆ ಸಣ್ಣ ದೀಪವೊಂದು ಮಿನುಗುತ್ತಿರುತ್ತದೆ. ಅದು ಆರಿದ್ದರೆ ತಂತಿಯು ಸಡಿಲವಾಗಿದೆ, ಇಲ್ಲವೆ ಇಲಿ ಕಡಿದಿದೆ, ಇಲ್ಲವೆ ಕಸ ಗುಡಿಸುವಾಗ ಪೆಟ್ಟಿಗೆಯ ವಿದ್ಯುತ್ತಿನ ಪ್ಲಗ್ಗು ಕಳಚಿದೆ. ಸಂಡೂರಿನ ಕಡೆಯ ಅದಿರಿನ ಧೂಳು ಕೂರುವ ಊರುಗಳಲ್ಲಿ ಈ ಪೆಟ್ಟಿಗೆಗಳನ್ನು ಆಗಾಗ ಒರಸಿಡುವುದೂ ಅವಶ್ಯ.

ಮೂರನೆಯದು, ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಮನೆಯ ಸಂಖ್ಯೆಯಂತೆ ಅಂಕಿಗಳ ವಿಳಾಸವಿರಬೇಕು. ಬೆಳಿಗ್ಗೆ ಯಂತ್ರವು ಎದ್ದೊಡನೆ ಅದಕ್ಕೆ ವಿಳಾಸವನ್ನು ಹಂಚುವ ಏರ್ಪಾಟೊಂದು ಕಚೇರಿಯಲ್ಲಿರುತ್ತದೆ. ಐಪಿಕಾನ್ಫಿಗ್ ಎಂಬ ಆಜ್ಞೆಯನ್ನು ಕೊಟ್ಟರೆ ಆ ವಿಳಾಸವು ಕಾಣುವುದು. ಅದು 169.254 ಎಂದು ಮೊದಲಾದರೆ, ಹಂಚುವವರು ಯಾರೂ ಸಿಕ್ಕದೆ ಯಂತ್ರವು ತನಗೆ ತಾನೇ ಒಂದು ಸಂಖ್ಯೆಯನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಇಂಥ ಯಂತ್ರವು ಊರ ಹೊರಗೆ ಗುಡಿಸಲು ಹಾಕಿಕೊಂಡವನಂತೆ. ಅಂಚೆಯವನು ಅವನಿಗೆ ಕಾಗದವನ್ನು ಮುಟ್ಟಿಸಲಾರ. ಒಮ್ಮೊಮ್ಮೆ ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ: ಮೊಬೈಲಿಗೆ ವೈಫೈ ಬೇಕೆಂದು ಯಾರೋ ಮನೆಯ ಪೆಟ್ಟಿಗೆಯೊಂದನ್ನು ತಂದು ಕಚೇರಿಯ ತಂತಿಗೆ ಸಿಕ್ಕಿಸಿರುತ್ತಾರೆ. ಅದು ತನ್ನ ಮನಸ್ಸಿಗೆ ಬಂದ ವಿಳಾಸಗಳನ್ನು ಎಲ್ಲರಿಗೂ ಹಂಚತೊಡಗುತ್ತದೆ. ಒಂದೂರಿಗೆ ಇಬ್ಬರು ಶಾನುಭೋಗರಾದರೆ ಏನಾಗುವುದೋ ಅದೇ ಆಗುವುದು.

ನಾಲ್ಕನೆಯದು, ಹೆಸರು. ನಮ್ಮ ಸಹಕಾರ ಸಂಘದ ಕಥೆಯ ಗುಟ್ಟು ಇದರಲ್ಲಿದೆ. ಸ್ವಲ್ಪ ಗಮನವಿಟ್ಟು ಓದಬೇಕು. ಯಂತ್ರಕ್ಕೆ ಸರ್ವರಿನ ಹೆಸರು ಮಾತ್ರ ಗೊತ್ತು. ಆ ಹೆಸರಿನವರ ವಿಳಾಸವೇನೆಂದು ಅದು ಬೇರೊಬ್ಬರನ್ನು ಕೇಳಬೇಕು. ಹೀಗೆ ಹೆಸರಿಗೆ ವಿಳಾಸವನ್ನು ಹೇಳಿಕೊಡುವ ಏರ್ಪಾಟಿಗೆ ಡಿಎನ್‌ಎಸ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಪಾಲ್ ಮೋಕಾಪೆಟ್ರಿಸ್ ಎಂಬವರು ರೂಪಿಸಿದ ಏರ್ಪಾಟಿದು. ಕಚೇರಿಯ ಒಳಗಿನ ಸರ್ವರಿನ ವಿಳಾಸವನ್ನು ಕಚೇರಿಯ ಒಳಗಿನ ಡಿಎನ್‌ಎಸ್ ಮಾತ್ರ ಬಲ್ಲುದು. ಹೊರಜಗತ್ತಿನ ಡಿಎನ್‌ಎಸ್‌ಗೆ ಅದರ ಸುಳಿವೇ ಇರುವುದಿಲ್ಲ. ಕೆಲವು ದಿನಗಳ ಹಿಂದೆ ಸಂಘದ ಒಬ್ಬ ಉತ್ಸಾಹಿ ತರುಣನು, ಅಂತರ್ಜಾಲವು ವೇಗವಾಗಲೆಂದು ಮೊಬೈಲಿನಲ್ಲಿ ಕಂಡ ಉಪಾಯದಂತೆ ಆ ಒಂದು ಯಂತ್ರದಲ್ಲಿ ಒಳಗಿನ ಡಿಎನ್‌ಎಸ್‌ನ ವಿಳಾಸವನ್ನು ಅಳಿಸಿ ಹೊರಗಿನದನ್ನು ಬರೆದಿದ್ದನು. ಅಂದಿನಿಂದ ಆ ಯಂತ್ರಕ್ಕೆ ಲೋಕವೆಲ್ಲವೂ ಕಾಣುತ್ತಿತ್ತು. ಮನೆಯ ಯಜಮಾನನು ಮಾತ್ರ ಕಾಣುತ್ತಿರಲಿಲ್ಲ. ‘ಅಂತರ್ಜಾಲ ಬರುತ್ತಿದೆ, ಆದರೆ ಪ್ರವೇಶವಿಲ್ಲ’ ಎಂಬ ಲಕ್ಷಣವನ್ನು ಎಲ್ಲಿ ಕಂಡರೂ ಮೊದಲು ಇದನ್ನು ನೋಡತಕ್ಕದ್ದು.

ಹಾಗಾದರೆ ಅಷ್ಟು ದಿನ ಕೆಲಸ ನಡೆದುದು ಹೇಗೆಂದು ವಾಚಕರು ಕೇಳಬಹುದು. ಸರ್ವರು ಸಿಕ್ಕದ ದಿನ ಕೆಲಸವು ನಿಲ್ಲಬಾರದೆಂದು, ಹಿಂದೆ ಬಂದುಹೋದವರ ಗುರುತನ್ನು ಯಂತ್ರವು ತನ್ನೊಳಗೂ ನೆನಪಿಟ್ಟಿರುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಡೆಯ 10 ಜನರವರೆಗೆ. ಎಂದಿನ ಗುಮಾಸ್ತರು ಈ ನೆನಪಿನ ಬಲದಿಂದ ದಿನವೂ ಒಳಗೆ ಹೋಗುತ್ತಿದ್ದರು. ಸಂಘದ ಲೆಕ್ಕಪತ್ರಗಳು ಅಂತರ್ಜಾಲದ ಮೂಲಕವೇ ನಡೆಯುತ್ತಿದ್ದುದರಿಂದ ಅವರಿಗೆ ಕೊರತೆಯು ತಿಳಿಯಲಿಲ್ಲ. ಅವರು ರಜೆಯ ಮೇಲೆ ಹೋಗಿ, ಆ ಯಂತ್ರವನ್ನು ಎಂದೂ ಮುಟ್ಟದ ಬದಲಿ ಗುಮಾಸ್ತರು ಬಂದು ಕುಳಿತಾಗ ಮುಚ್ಚಿದ್ದ ಹುಣ್ಣು ಹೊರಬಿದ್ದಿತು. ಆದುದರಿಂದ, ‘ನಿನ್ನೆ ಸರಿಯಾಗಿತ್ತು, ಇಂದು ಕೆಟ್ಟಿತು’ ಎಂಬ ಮಾತನ್ನು ಪೂರ್ತಿಯಾಗಿ ನಂಬಲಾಗದು. ದೋಷವು ಹುಟ್ಟಿದ ದಿನವೇ ಬೇರೆ, ಕಾಣಿಸಿಕೊಂಡ ದಿನವೇ ಬೇರೆ.

ಐದನೆಯದು, ಗಡಿಯಾರ. ಕಂಪ್ಯೂಟರಿಗೂ ಕಾಲಜ್ಞಾನಕ್ಕೂ ಏನು ಸಂಬಂಧವೆಂದು ಆಶ್ಚರ್ಯಪಡಬಾರದು. ಈ ಪದ್ಧತಿಯಲ್ಲಿ ಗುರುತು ಹಿಡಿಯುವ ಕ್ರಮಕ್ಕೆ ಕೆರ್ಬೆರೋಸ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರದು. 1980ರ ದಶಕದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಹುಟ್ಟಿದ ಕ್ರಮ. ಇದರಲ್ಲಿ ಪ್ರವೇಶಕ್ಕೆ ಚೀಟಿಯನ್ನು ಕೊಡುತ್ತಾರೆ. ಅದರ ಮೇಲೆ ಹೊತ್ತನ್ನು ಬರೆದಿರುತ್ತಾರೆ. ಹಳೆಯ ಚೀಟಿಯನ್ನು ಕದ್ದವನು ಮತ್ತೆ ತೋರಿಸಿ ಒಳಹೊಗಬಾರದೆಂಬುದೇ ಇದರ ಉದ್ದೇಶ. ಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವಿರಕೂಡದು. ಯಂತ್ರದೊಳಗೆ ನಾಣ್ಯದಂತಹ 3 ವೋಲ್ಟಿನ ಸಣ್ಣ ಬ್ಯಾಟರಿಯೊಂದಿದೆ. ಅದು ತೀರಿದರೆ ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರವು ವರ್ಷಗಳಷ್ಟು ಹಿಂದಕ್ಕೆ ಹೋಗಿ ನಿಲ್ಲುವುದು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ವಸ್ತುವಿದು. ಮತ್ತೂ ಒಂದು ಸೂಕ್ಷ್ಮವಿದೆ: ತೆರೆಯ ಮೇಲಿನ ಗಂಟೆ ಸರಿಯಾಗಿದ್ದರೂ ದೇಶದ ವೇಳೆಯನ್ನು ತಪ್ಪಾಗಿ ಆರಿಸಿದ್ದರೆ ಒಳಗಿನ ಲೆಕ್ಕವು ತಪ್ಪುತ್ತದೆ. ಭಾರತದ ವೇಳೆಯು ಜಾಗತಿಕ ವೇಳೆಗಿಂತ 5 ಗಂಟೆ 30 ನಿಮಿಷ ಮುಂದಿದೆ; ಯಂತ್ರಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವುದು ಜಾಗತಿಕ ವೇಳೆಯಲ್ಲಿ.

ಆರನೆಯದು, ನಂಬಿಕೆ. ಮನುಷ್ಯರಿಗಿರುವಂತೆ ಪ್ರತಿಯೊಂದು ಯಂತ್ರಕ್ಕೂ ಸರ್ವರಿನೊಡನೆ ಒಂದು ಗುಪ್ತಪದವುಂಟು. ಅದನ್ನು ಯಂತ್ರವೇ ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಬದಲಾಯಿಸಿಕೊಳ್ಳುತ್ತದೆ. ಯಾವುದೋ ಕಾರಣದಿಂದ ಯಂತ್ರವನ್ನು ಹಳೆಯ ನಕಲಿನಿಂದ ಮತ್ತೆ ಸ್ಥಾಪಿಸಿದರೆ ಅದರ ಬಳಿ ಹಳೆಯ ಗುಪ್ತಪದವೂ ಸರ್ವರಿನ ಬಳಿ ಹೊಸದೂ ಉಳಿದು, ಇಬ್ಬರಿಗೂ ಮಾತು ತಪ್ಪುತ್ತದೆ. ಆಗ ತೆರೆಯ ಮೇಲಿನ ವಾಕ್ಯವು ‘ಸರ್ವರು ದೊರೆಯಲಿಲ್ಲ’ ಎನ್ನದೆ, ‘ನಂಬಿಕೆಯ ಸಂಬಂಧವು ಮುರಿದಿದೆ’ ಎಂಬರ್ಥದಲ್ಲಿರುತ್ತದೆ. ಇದನ್ನು ಬಲ್ಲವರಿಗೇ ಬಿಡತಕ್ಕದ್ದು. ಅವಸರದಿಂದ ಯಂತ್ರವನ್ನು ಜಾಲದಿಂದ ಬಿಡಿಸಹೋದರೆ, ಆ ಯಂತ್ರದೊಳಗೇ ಇರುವ ಮೇಲ್ವಿಚಾರಕರ ಗುಪ್ತಪದವು ಯಾರಿಗೂ ನೆನಪಿಲ್ಲದಿದ್ದಲ್ಲಿ, ಒಳಗೂ ಇಲ್ಲ ಹೊರಗೂ ಇಲ್ಲ ಎಂಬಂತಾಗುವುದು.

ಇವೆಲ್ಲವನ್ನೂ ದಾಟಿದ ಮೇಲೆಯೇ ಏಳನೆಯದು: ಸರ್ವರು ನಿಜವಾಗಿಯೂ ನಿಂತಿದೆಯೇ ಎಂಬುದು. ನಿಲ್ಲುವುದೂ ಉಂಟು. ಅದಕ್ಕಾಗಿಯೇ ಬಲ್ಲವರು ಖಾತೆಪುಸ್ತಕದ ಪ್ರತಿಯೊಂದನ್ನು ಮತ್ತೊಂದು ಯಂತ್ರದಲ್ಲಿಯೂ ಇಟ್ಟು, ಎರಡು ಡೊಮೇನ್ ಕಂಟ್ರೋಲರುಗಳನ್ನಾದರೂ ನಡೆಸಬೇಕೆಂದು ಹೇಳುತ್ತಾರೆ. ಒಂದೇ ಬಾವಿಯನ್ನು ನಂಬಿದ ಊರು ಬೇಸಗೆಯಲ್ಲಿ ಬವಣೆಪಡುವುದು ಎಲ್ಲರಿಗೂ ತಿಳಿದದ್ದೇ.

ಈ ಕಷ್ಟವು ಸಣ್ಣ ಊರಿನವರಿಗೆ ಮಾತ್ರವೆಂದು ಕುಗ್ಗಬೇಕಾಗಿಲ್ಲ. 2021ನೆಯ ಅಕ್ಟೋಬರ್ 4ರಂದು, ನಮ್ಮಲ್ಲಿ ರಾತ್ರಿ 9 ಗಂಟೆ ದಾಟಿದ ಮೇಲೆ, ಫೇಸ್‌ಬುಕ್ಕೂ ವಾಟ್ಸಾಪೂ ಲೋಕದಲ್ಲೆಲ್ಲ ಸುಮಾರು ಆರು ಗಂಟೆಗಳ ಕಾಲ ಮಾಯವಾದುದು ಅನೇಕರಿಗೆ ನೆನಪಿರಬಹುದು. ಅಂದು ಅವರ ಸರ್ವರುಗಳು ಸುಟ್ಟುಹೋಗಿರಲಿಲ್ಲ. ದುರಸ್ತಿಯ ಕೆಲಸದಲ್ಲಿ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಅವರ ಕೇಂದ್ರಗಳನ್ನು ಕೂಡಿಸುವ ದಾರಿಯು ಕಡಿದು, ಹೆಸರಿಗೆ ವಿಳಾಸ ಹೇಳುವ ಅವರ ಡಿಎನ್‌ಎಸ್ ಯಂತ್ರಗಳಿಗೆ ಹೋಗುವ ಮಾರ್ಗವೇ ಜಗತ್ತಿನ ನಕ್ಷೆಯಿಂದ ಅಳಿದುಹೋಯಿತು. ಸರಿಪಡಿಸತಕ್ಕ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದುದರಿಂದ ಇಂಜಿನಿಯರುಗಳು ಖುದ್ದಾಗಿ ಯಂತ್ರಗಳಿದ್ದ ಸ್ಥಳಕ್ಕೆ ಹೋಗಬೇಕಾಯಿತು. ಕೀಲಿಯನ್ನು ಮನೆಯ ಒಳಗಿಟ್ಟು ಬಾಗಿಲನ್ನು ಎಳೆದುಕೊಂಡವರ ಪಾಡು! ಅವರಾದರೋ ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಮರುದಿನವೇ ಬರೆದು ಪ್ರಕಟಿಸಿದರು. ಆ ಅಭ್ಯಾಸವನ್ನು ನಾವೂ ಕಲಿಯತಕ್ಕದ್ದು.

ಕಚೇರಿಯಲ್ಲಿರುವ ಮಕ್ಕಳಿಗೆ ನಮ್ಮ ಸಲಹೆಗಳು ಮೂರು. ತೆರೆಯ ಮೇಲೆ ಮೂಡಿದ ವಾಕ್ಯವನ್ನು ಇದ್ದುದಿದ್ದಂತೆ ಓದಿ, ಹೊತ್ತಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ವೈದ್ಯನಿಗೆ ‘ಮೈ ಸರಿಯಿಲ್ಲ’ ಎಂದರೆ ಸಾಲದು, ಜ್ವರವೋ ಕೆಮ್ಮೋ ಹೇಳಬೇಕು. ಯಂತ್ರದಲ್ಲಿ ಏನನ್ನು ಬದಲಾಯಿಸಿದರೂ, ಒಳ್ಳೆಯದಕ್ಕೇ ಬದಲಾಯಿಸಿದ್ದರೂ, ಅದನ್ನೂ ಆ ಪುಸ್ತಕದಲ್ಲಿಯೇ ಬರೆಯಿರಿ. ಮೂರನೆಯದಾಗಿ, ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ಮೊದಲು ಪಕ್ಕದ ಯಂತ್ರದಲ್ಲಿ ಅವರ ಕೆಲಸವಾಗುವುದೇ ಎಂದು ನೋಡಿರಿ. ಆಗದಿದ್ದರೆ ಅವರ ಹೆಸರನ್ನೂ ಮೊಬೈಲಿನ ಸಂಖ್ಯೆಯನ್ನೂ ಬರೆದುಕೊಂಡು, ಸರಿಯಾದ ಮೇಲೆ ಕರೆಯಿರಿ.

ಹೊರಗೆ ನಿಂತಿರುವ ನಮಗೂ ಕರ್ತವ್ಯವುಂಟು. ‘ಸರ್ವರು ಇಲ್ಲ’ ಎಂದೊಡನೆ ಹಣೆಬರಹವೆಂದು ಹಿಂದಿರುಗುವುದೂ ತಪ್ಪು, ಗುಮಾಸ್ತರ ಮೇಲೆ ಹರಿಹಾಯುವುದೂ ತಪ್ಪು. ‘ಎಲ್ಲ ಯಂತ್ರಕ್ಕೂ ಹೀಗೆಯೇ ಆಗಿದೆಯೇ? ತಿಳಿಸಬೇಕಾದವರಿಗೆ ತಿಳಿಸಿದ್ದೀರಾ? ನಾನು ಯಾವಾಗ ಬರಲಿ?’ ಎಂದು ಮರ್ಯಾದೆಯಿಂದ ಕೇಳಬೇಕು. ಪಡಿತರದ ಅಂಗಡಿಯ ಯಂತ್ರವು ಬೇರೆಯ ಜಾಲಕ್ಕೆ ಸೇರಿದ್ದು. ಅದರ ಸರ್ವರು ದೂರದಲ್ಲಿದೆ, ಅಂಗಡಿಯವರ ಕೈಯಲ್ಲಿಲ್ಲ. ಆದರೂ ಜಾಲದ ಅಥವಾ ಬೆರಳಚ್ಚಿನ ದೋಷದಿಂದ ಗುರುತು ಸಿಕ್ಕಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯವನ್ನು ನಿರಾಕರಿಸಕೂಡದೆಂದು ಕೇಂದ್ರದ ಆಹಾರ ಇಲಾಖೆಯು 2017ನೆಯ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಸೂಚನೆ ಕೊಟ್ಟಿತು. ಯಂತ್ರವು ತಪ್ಪಿದರೆ ಹಸಿದವರು ದಂಡ ತೆರಬಾರದೆಂಬುದೇ ಅದರ ತಾತ್ಪರ್ಯ. ಈ ನ್ಯಾಯವು ಧಾನ್ಯಕ್ಕೆ ಸಲ್ಲುವಂತೆ ಬಡವರ ಕೂಲಿಯ ದಿನಕ್ಕೂ ಸಲ್ಲಬೇಕಲ್ಲವೆ?

ನಮ್ಮ ವೃದ್ಧೆಯ ಬೆಂಡೋಲೆಗಳು ಬಿಡಿಸಿಕೊಂಡು ಬಂದವೆಂದು ಮೊನ್ನೆ ತಿಳಿಯಿತು. ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳು ಆರಿಸಿಕೊಂಡಿರುವುದು ಕಂಪ್ಯೂಟರಿನ ವಿದ್ಯೆಯನ್ನೇ ಅಂತೆ. ಮುಂದೆ ಅವಳು ಇಂಥ ಒಂದು ಕಚೇರಿಯಲ್ಲಿ ಕುಳಿತಾಗ, ಅಜ್ಜಿಯೊಬ್ಬಳು ಬಂದು ‘ಆಯಪ್ಪ ಯಾವೂರಿಗೆ ಹೋಗ್ಯಾನವ್ವಾ?’ ಎಂದು ಕೇಳಿದರೆ, ನಗದೆ ಎದ್ದು ಹೋಗಿ ನೋಡಿಬಂದು ಉತ್ತರ ಹೇಳಲಿ ಎಂದು ಹಾರೈಸುವೆವು.